ಮೂಕಿ ಚಿತ್ರದಲ್ಲಿ ಸಿಕ್ಕಿಬಿದ್ದ ಅಜ್ಜ

ಸ್ಟ್ಯಾನ್ಮೋರ್, ಲಂಡನ್
10 ಮಾರ್ಚ್ 2025, ಸೋಮವಾರ

ಪ್ರೀತಿಯ ಮೊಮ್ಮಗಳು ಐಶ್ವರ್ಯಾಗೆ,

ಮೊಣಕಾಲಿನ ಬಾವು ಇಳಿಯಿತೇ? ಅಕಾಡೆಮಿಯ ಓಟದ ತಂಡದಿಂದ ನಿನ್ನನ್ನು ಕೈಬಿಟ್ಟರೆಂದೂ, ಸೈನ್ಯದ ತರಬೇತಿಯನ್ನೇ ಬಿಟ್ಟು ಬರುವ ಯೋಚನೆಯಲ್ಲಿದ್ದೀಯೆಂದೂ ನಿನ್ನ ಅಮ್ಮ ಹೇಳಿದಳು. ನಿನ್ನ ಫೋನು ಭಾನುವಾರ ಮಾತ್ರ ಕೈಗೆ ಸಿಗುವುದರಿಂದ ಬರೆಯುತ್ತಿದ್ದೇನೆ. ಪತ್ರಿಕೆಯ ದಪ್ಪಕ್ಷರ ತೋರಿಸಿ ನಿನಗೆ ಕನ್ನಡ ಓದಲು ಕಲಿಸಿದ್ದು ಈಗ ಉಪಯೋಗಕ್ಕೆ ಬಂತು.

ಮೂರು ವಾರದ ಹಿಂದೆ ಸ್ಟ್ರಾಟ್‌ಫರ್ಡಿನಲ್ಲಿ ನಮ್ಮ ಹಿರಿಯರ ಗುಂಪಿಗೆ ನೂರು ವರ್ಷದ ಹಿಂದಿನ ಒಂದು ಮೂಕಿ ಚಿತ್ರ ತೋರಿಸಿದರು. ಕಥೆ ನಡೆಯುವುದು ಸೈನಿಕ ಅಕಾಡೆಮಿಯಲ್ಲಿ. ದೋಣಿ ಪಂದ್ಯದ ತಂಡದಿಂದ ಹೊರಬಿದ್ದ ಕೆಡೆಟ್ ಒಬ್ಬ ಪೆಟ್ಟಿಗೆ ಹಿಡಿದು ಗೇಟಿನವರೆಗೆ ಹೋಗಿ, ತಿರುಗಿ ಬಂದು, ಉಳಿದವರ ಹುಟ್ಟುಗಳನ್ನು ಒರೆಸುತ್ತ ಕೂರುತ್ತಾನೆ. ಕೊನೆಗೂ ಅವನಿಗೆ ದೋಣಿಯಲ್ಲಿ ಜಾಗ ಸಿಗುವುದಿಲ್ಲ. ತಂಡ ಗೆದ್ದಾಗ ದಡದಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿಯುವವನು ಮಾತ್ರ ಅವನೇ. ಪಕ್ಕದಲ್ಲಿ ಉಡುಪಿ ಕಡೆಯ ಜೇಮ್ಸ್ ಕೂತಿದ್ದರು. ತೆರೆಯ ಮೇಲೆ ಮಾತಿನ ಬರಹ ಮೂಡುವ ಮೊದಲೇ ನಾನು "ಗೇಟಿನಾಂವ ಪೆಟ್ಟಿಗಿ ಕೆಳಗ ಇಡು ಅಂತಾನ ನೋಡ್ರಿ" ಎಂದು ಹೇಳಿಬಿಡುತ್ತಿದ್ದೆ. ದೀಪ ಹಾಕಿದ ಮೇಲೆ ಅವರು ನನ್ನ ಎದುರು ನಿಂತು ಕೇಳಿದರು: "ಅಲ್ಲ ಮಾರಾಯ್ರೆ, ನೀವು ತುಟಿ ಓದ್ತೀರಿ! ಕಿವಿ ಕೇಳೂದಿಲ್ಲ ಅಲ್ವಾ?"

ಎರಡು ವರ್ಷ ಮುಚ್ಚಿಟ್ಟದ್ದು ಹೀಗೆ ಹೊರಬಿತ್ತು. ಮನೆಯಲ್ಲಿ ಮುಖ ನೋಡಿ ಹೇಗೋ ಸುಧಾರಿಸುತ್ತಿದ್ದೆ. ಫೋನಿನಲ್ಲಿ ತುಟಿ ಎಲ್ಲಿ? ನೀನು ಏನೇ ಹೇಳಿದರೂ "ಹೂಂ, ಛಲೋ ಆತು ಬಿಡವ್ವಾ" ಎಂದುಬಿಡುತ್ತಿದ್ದೆ. ಜೇಮ್ಸ್ ಚೆನ್ನಾಗಿ ಬೈದರು, ಆಮೇಲೆ ಅವರೇ ಕಾರಿನಲ್ಲಿ ಜಿಪಿ ಡಾಕ್ಟರ ಹತ್ತಿರ ಕರೆದೊಯ್ದರು. ಇವತ್ತು ಬೆಳಿಗ್ಗೆ ಕಿವಿಗೆ ಯಂತ್ರ ಕೂಡಿಸಿದರು. ಕೆಟಲು ಇಷ್ಟೊಂದು ಗದ್ದಲ ಮಾಡುತ್ತದೆಂದು ಮರೆತೇಹೋಗಿತ್ತು! ಜೇಮ್ಸ್ ಅವರಿಗೂ, ಆ ಹಳೆಯ ಚಿತ್ರವನ್ನು ಕಾಪಾಡಿಟ್ಟವರಿಗೂ ನಾನು ಋಣಿ. ನಿನಗೂ ಅಷ್ಟೇ, ಇಂಥ ಅಜ್ಜನಿಗೆ ಒಂದು ಭಾನುವಾರವೂ ಫೋನು ತಪ್ಪಿಸಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಶಿವ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಅಜ್ಜ,
ನಿಜಲಿಂಗಪ್ಪ

ತಾ.ಕ.: ಯಂತ್ರ ಹಾಕಿಕೊಂಡು ಮನೆಗೆ ಬಂದಾಗ ನಿನ್ನ ಅಮ್ಮ ಆಡಿದ ಮೊದಲ ಮಾತು: "ಅಕಾಡೆಮಿ ಬಿಡ್ಲೇನು ಅಂತ ನಿನ್ನೆ ನಿಮ್ಮನ್ನ ಕೇಳಿದ್ಲಂತ. ನೀವು ಛಲೋ ಆತು ಅಂದ್ರಂತಲ್ಲರಿ ಮಾವಾರ?" ನಿನ್ನ ಪ್ರಶ್ನೆ ನನಗೆ ಕೇಳಿಸಿರಲೇ ಇಲ್ಲ. ಅದನ್ನು ನನ್ನ ಒಪ್ಪಿಗೆ ಎಂದುಕೊಂಡು ಅಕಾಡೆಮಿ ಬಿಡುವ ಕಾಗದ ಕೊಡಬೇಡ. ಬರುವ ಭಾನುವಾರ ಇನ್ನೊಮ್ಮೆ ಕೇಳು. ಬಿಡುವುದಾದರೂ ಸರಿ, ಇರುವುದಾದರೂ ಸರಿ. ಈ ಸಲ ನೀನು ಹೇಳಿ ಮುಗಿಸುವತನಕ ನಾನು ಹೂಂ ಅನ್ನುವುದಿಲ್ಲ.