ಬೀಗ ಹಾಕಿದ ಮನೆಗೆ ಬಂದ ಕಾಗದಗಳು

ಹೊಸಹಳ್ಳಿ, ಬೆಂಗಳೂರು
ಭಾನುವಾರ, 9-6-1985

ಪ್ರೀತಿಯ ತಮ್ಮ ಮುನಿರಾಮನಿಗೆ,

ನಿನ್ನ ಅಕ್ಕ ಮುನಿತಾಯಮ್ಮನ ಆಶೀರ್ವಾದಗಳು. ಹೇಗಿದ್ದೀಯಪ್ಪ? ವೆಲ್ಡಿಂಗ್ ಬೆಳಕಿಗೆ ಕಣ್ಣು ಊದಿಕೊಳ್ಳುವುದು ನಿಂತಿದೆಯೇ? ಅಲ್ಲಿಯ ಬಿಸಿಲಲ್ಲಿ ಪೈಪು ಮುಟ್ಟಿದರೆ ಅಂಗೈ ಚರ್ಮ ಅಂಟಿಕೊಳ್ಳುತ್ತದೆ ಎಂದು ಬರೆದಿದ್ದೀಯೆ. ಬಟ್ಟೆ ಸುತ್ತಿಕೊಳ್ಳದೆ ಮುಟ್ಟಬೇಡ. ಯುದ್ಧ ನೀನಿರುವ ಕಡೆಗೆ ಬರುವುದಿಲ್ಲ ತಾನೇ? ಬಂದರೆ ಓಡುವುದಕ್ಕೆ ದಾರಿ ನೋಡಿಟ್ಟುಕೊಂಡಿದ್ದೀಯಾ? ಊಟ ಸೇರುತ್ತದಾ? ಇಷ್ಟೆಲ್ಲ ಕೇಳುವ ಮುಖ ನನಗಿಲ್ಲ, ಆದರೂ ಕೇಳದಿದ್ದರೆ ಕೈ ಮುಂದಕ್ಕೆ ಹೋಗುವುದಿಲ್ಲ. ಮೂರನೇ ಕ್ಲಾಸಿಗೆ ಬಿಟ್ಟವಳು ನಾನು, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು. ನಿಂತುಕೊಂಡು ಮಾತ್ರ ಓದಬೇಡ. ಎಲ್ಲಾದರೂ ನೆರಳು ನೋಡಿ ಕೂತುಕೋ.

ನಿನ್ನ ಐದು ಕಾಗದಗಳೂ ಹೋದ ಸೋಮವಾರ ಒಟ್ಟಿಗೆ ನನ್ನ ಕೈಗೆ ಸಿಕ್ಕಿದವು. ಗೌರಿ ಹಬ್ಬಕ್ಕೆ ಬರುತ್ತೇನೆ, ಒಂದು ವರ್ಷದಿಂದ ಯಾರೂ ಉತ್ತರ ಬರೆದಿಲ್ಲ, ಯಾಕೆ ಎಲ್ಲರೂ ಮುನಿಸಿಕೊಂಡಿದ್ದೀರಿ ಎಂದು ಕೇಳಿದ್ದೀಯೆ. ಯಾರೂ ಮುನಿಸಿಕೊಂಡಿಲ್ಲ ಕಣಪ್ಪ. ಹೋದ ವರ್ಷ ವೈಶಾಖದಲ್ಲಿ ನಾವು ನಿನ್ನ ತಿಥಿ ಮಾಡಿದೆವು. ನಿನ್ನ ಹೆಂಡತಿ ಗಂಗಲಕ್ಷ್ಮಿಗೆ ಈಗ ಬೇರೆ ಗಂಡ ಇದ್ದಾನೆ. ನೀನು ಬಂದರೆ ಯಾರ ಮನೆಗೆ ಬರುತ್ತೀಯೆ, ಅವಳಿಗೆ ಏನಾಗಿ ಬರುತ್ತೀಯೆ, ಅದನ್ನೇ ಈಗ ಬರೆಯಬೇಕಾಗಿದೆ. ಬರೆದುಬಿಟ್ಟೆ. ಇನ್ನು ನಿಧಾನವಾಗಿ ಹೇಳುತ್ತೇನೆ.

ನಿನ್ನ ಕಂಪನಿಯವರು ಹೋದ ವರ್ಷ ಒಂದು ಲಕೋಟೆ ಕಳಿಸಿದ್ದರು. ನಿನ್ನನ್ನು ಬಸ್ರಾದಿಂದ ಮರಳುಗಾಡಿನ ಆ ದೂರದ ಜಾಗಕ್ಕೆ ಹಾಕಿದ್ದೇವೆ ಎಂದು ಮನೆಯವರಿಗೆ ತಿಳಿಸುವ ಕಾಗದ ಅದು ಎಂದು ಈಗ ನಿನ್ನ ಕಾಗದ ಓದಿ ಗೊತ್ತಾಯಿತು. ಆಗ ನಮಗೆ ಗೊತ್ತಾಗಿದ್ದು ಬೇರೆ. ಲಕೋಟೆಯೊಳಗೆ ಅರಬ್ಬಿ ಅಕ್ಷರದ ಒಂದು ಹಾಳೆ, ಸುತ್ತ ಬೆರಳಗಲ ಕಪ್ಪು ಅಂಚು. ಅದರ ಜೊತೆಗೆ ನಿನ್ನ ಫೋಟೋ ಇರುವ ಗೇಟಿನ ಕಾರ್ಡು. ಆ ಕಾರ್ಡಿನ ಒಂದು ಮೂಲೆಯನ್ನು ಕತ್ತರಿಸಿದ್ದರು. ಕೆಲಸದ ಜಾಗ ಬದಲಾದರೆ ಹಳೇ ಕಾರ್ಡಿನ ಮೂಲೆ ಕತ್ತರಿಸಿ ಮನೆಗೆ ಕಳಿಸುವುದು ನಿಮ್ಮ ಕಂಪನಿಯ ಪದ್ಧತಿ ಎಂದು ನೀನು ಬರೆದಿದ್ದೀಯೆ. ನಮ್ಮಲ್ಲಿ ಮೂಲೆ ಕತ್ತರಿಸಿದ ಕಾಗದ ಯಾವಾಗ ಬರುತ್ತದೆ ಎಂದು ನಿನಗೆ ಗೊತ್ತಲ್ಲ. ಅಮ್ಮ ಹೋದಾಗ ಊರೂರಿಗೆ ಕಾರ್ಡು ಹಾಕುವಾಗ ಮೂಲೆ ಹರಿದು ಕೊಟ್ಟವನು ನೀನೇ. ಅಂಥ ಕಾಗದವನ್ನು ಹೊಸ್ತಿಲ ಒಳಗೆ ತರಬಾರದು, ನೋಡಿದವರು ತಲೆಗೆ ನೀರು ಹಾಕಿಕೊಳ್ಳಬೇಕು. ಪೋಸ್ಟಿನವನು ನನ್ನ ಕೈಗೆ ಕೊಟ್ಟು ಹೋದ. ನಾನು ಬಿಚ್ಚಿದೆ. ಗಂಗ ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅವಳೇ ಬಂದು ನಿನ್ನ ಫೋಟೋ ನೋಡಿದಳು, ಮೂಲೆ ನೋಡಿದಳು, ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ಕುಸಿದು ಕೂತಳು.

ಒಂದೇ ಸಲಕ್ಕೆ ನಂಬಿಬಿಟ್ಟೆವು ಎಂದುಕೊಳ್ಳಬೇಡ. ಮಾಗಡಿ ರಸ್ತೆಯ ದರ್ಜಿ ಖಾಸಿಂ ಸಾಬರನ್ನು ಕರೆಸಿದೆವು. ಅವರು ಮನೆ ಮುಂದಿನ ಕಲ್ಲಿನ ಮೇಲೆ ಕೂತು, ಮೊದಲ ಸಾಲು ನೋಡಿದ ಕೂಡಲೇ ಟೋಪಿ ಸರಿಮಾಡಿಕೊಂಡರು. ದೇವರ ಹೆಸರು ಅದು. ಅಲ್ಲಿ ಎಲ್ಲ ಕಾಗದಗಳ ತಲೆಯ ಮೇಲೂ ಬರೆಯುತ್ತಾರಂತೆ. ಆಮೇಲೆ ಅವರು ಮಸೀದಿಯಲ್ಲಿ ಓದುವ ಹಾಗೆ ರಾಗವಾಗಿ, ಎಳೆದು ಎಳೆದು, ಕಣ್ಣು ಅರ್ಧ ಮುಚ್ಚಿ ಓದಿದರು. ಅವರಿಗೆ ಆ ಅಕ್ಷರವನ್ನು ಓದಲು ಬರುವುದು ಹಾಗೊಂದೇ ರೀತಿ. ನಮಗೋ, ಯಾರೋ ಹೋದವರಿಗಾಗಿ ಪ್ರಾರ್ಥನೆ ಮಾಡಿದ ಹಾಗೆ ಕೇಳಿಸಿತು. ಬೀದಿಯ ಹೆಂಗಸರೆಲ್ಲ ಅತ್ತರು. ಓದಿ ಮುಗಿಸಿ ಸಾಬರು, “ತಾಯಿ, ನಂಗೆ ಓದೋಕೆ ಬರ್ತದೆ, ಅರ್ಥ ಬರಲ್ಲ. ಅರ್ಥ ಗೊತ್ತಿರೋರು ಶಿವಾಜಿನಗರದಾಗವ್ರೆ, ನಾಳೆ ಕರ್ಕೊಂಡು ಹೋಗ್ತೀನಿ. ಅಲ್ಲೀವರ್ಗೂ ಏನೂ ಮಾಡ್ಬೇಡಿ” ಅಂದರು. ಉಗ್ರಪ್ಪ ದೊಡ್ಡಪ್ಪ ಒಪ್ಪಲಿಲ್ಲ. “ಕಪ್ಪು ಅಂಚೈತೆ, ಮೂಲೆ ಕತ್ತರ್ಸೈತೆ, ಇನ್ನೇನು ಅರ್ಥ ನೋಡ್ತೀರ? ಹೊತ್ತು ಮುಳುಗೋ ಮುಂಚೆ ಆ ಕಾಗದ ಸುಟ್ಟಾಕು” ಅಂದರು. ಅಲ್ಲಿ ಹೆಂಗಸರು ದಿನವೂ ಕಪ್ಪು ಬಟ್ಟೆಯನ್ನೇ ಹೊದೆಯುತ್ತಾರೆ, ಕಪ್ಪು ಅಂದರೆ ಅವರಿಗೆ ಮರ್ಯಾದೆ ಎಂದು ನೀನೇ ಮೊದಲೊಮ್ಮೆ ಬರೆದಿದ್ದೆ. ಅದು ನನ್ನ ನೆನಪಿಗೆ ಬಂತು, ಬಾಯಿಗೆ ಬರಲಿಲ್ಲ. ಹೆದರಿಕೆ ಹತ್ತಿದರೆ ನನ್ನ ತಲೆ ಹೇಗಾಗುತ್ತದೆ ಎಂದು ನಿನಗೆ ಗೊತ್ತು. ಕಾಗದಕ್ಕೂ ಕಾರ್ಡಿಗೂ ಬೆಂಕಿ ಇಟ್ಟವಳು ನಾನು. ನಿನ್ನನ್ನು ಅಲ್ಲಿಗೆ ಕಳಿಸಿದ ಬೊಂಬಾಯಿಯ ಏಜೆಂಟಿಗೆ ಹಾಕಿಸಿದ ಕಾಗದ, ಆ ವಿಳಾಸದಲ್ಲಿ ಯಾರೂ ಇಲ್ಲ ಎಂದು ವಾಪಸು ಬಂತು. ಅದೂ ದೊಡ್ಡಪ್ಪನ ಮಾತಿಗೇ ಕೂಡಿಬಂತು.

ಹೆಣವಿಲ್ಲದ ಸಾವಿಗೆ ದರ್ಭೆಯಲ್ಲಿ ಬೊಂಬೆ ಕಟ್ಟುತ್ತಾರೆ. ನಿನ್ನ ಬೂದು ಷರ್ಟು ಅದಕ್ಕೆ ಹಾಕಿದೆವು, ನಮ್ಮ ಹಳೇ ಹೊಲದ ಅಂಚಿನಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಿದೆವು. ಮೂರನೇ ದಿನ ಹಾಲು ತುಪ್ಪ ಬಿಟ್ಟೆವು. ಹನ್ನೊಂದನೇ ದಿನ ಗಂಗಳ ಬಳೆ ಒಡೆಯುವಾಗ ಅವಳು ನನ್ನ ಸೆರಗು ಹಿಡಿದುಕೊಂಡು, “ಅಕ್ಕ, ವಿಜಯನಗರದ ಸ್ಕೂಲ್ ಟೀಚರಮ್ಮ ಗಂಡ ಹೋದ ಮೇಲೂ ಕುಂಕುಮ ಇಡ್ತಾರೆ, ಯಾರೂ ಏನೂ ಅನ್ನಲ್ಲ. ನಾನೂ ಹಾಗೇ ಇರ್ತೀನಕ್ಕ” ಅಂದಳು. ದೊಡ್ಡಪ್ಪ, “ಅವರು ಲೇಔಟ್‌ನೋರು, ಅವರ ಪದ್ಧತಿ ಅವರಿಗೆ” ಅಂದರು. ನಮ್ಮ ಮನೆಯಿಂದ ಅವರ ಮನೆಗೆ ಎರಡು ಬೀದಿ. ನಾನು ಸೆರಗು ಬಿಡಿಸಿಕೊಂಡೆ.

ಇನ್ನೊಂದು ಆಗಿದ್ದು ಕೇಳು. ನೀನು ಯಾವತ್ತು ಹೋದೆ ಎಂಬುದು ಗೊತ್ತಿರಲಿಲ್ಲವಲ್ಲ, ಪುರೋಹಿತರು ಕಾಗದ ಬಂದ ದಿನವನ್ನೇ ಲೆಕ್ಕಕ್ಕೆ ಹಿಡಿದರು. ಆವತ್ತಿನ ನಕ್ಷತ್ರ ಕೆಟ್ಟದ್ದು, ಮನೆ ಬಿಡಬೇಕು, ಆರು ತಿಂಗಳು ಬೀಗ ಹಾಕಿ ಎಂದರು. ದೊಡ್ಡಪ್ಪ ಒಂದು ವರ್ಷ ಮಾಡಿದರು. ಬಾಗಿಲಿಗೆ ಮುಳ್ಳು ಕಟ್ಟಿ, ಗೋವಿಂದರಾಜನಗರದ ಅವರ ಮನೆಯ ಎರಡು ಕೋಣೆಯಲ್ಲಿ ನಾನು, ಗಂಗ, ನಿನ್ನ ಮಗಳು ಪಾರ್ವತಿ ಮೂವರೂ ಸೇರಿಕೊಂಡೆವು. ಪೋಸ್ಟಾಫೀಸಿಗೆ ಹೊಸ ವಿಳಾಸ ಕೊಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ನಮಗೆ ಕಾಗದ ಬರೆಯುವವನು ನೀನೊಬ್ಬನೇ ಇದ್ದದ್ದು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು ಮುನಿರಾಮ. ಹಾಲಿಗೆ ಹೋಗುವಾಗ ದಿನಾ ಆ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದೆ, ತಲೆ ತಗ್ಗಿಸಿಕೊಂಡು.

ಹೋದ ಸೋಮವಾರ ಸುಣ್ಣ ಹೊಡೆಸಲು ಬೀಗ ತೆಗೆದೆ. ಬಾಗಿಲು ಏನನ್ನೋ ತಳ್ಳಿಕೊಂಡು ತೆರೆಯಿತು. ಧೂಳಿನ ಮೇಲೆ ಐದು ಲಕೋಟೆ. ಪೋಸ್ಟಿನವನು ಬಾಗಿಲ ಸಂದಿಯಿಂದ ನೂಕಿ ಹೋಗಿದ್ದಾನೆ. ನಿನ್ನ ಕೈಬರಹ ನನಗೆ ಗೊತ್ತಾಗದೇ? ಮೊದಲಿನದು ನಿನ್ನ ತಿಥಿಯಾದ ಮೇಲೆ ಬಂದ ಆಷಾಢದಲ್ಲಿ ಬಂದಿರಬೇಕು. ನಾಲ್ಕನೆಯದು ಈ ಮಾಘದಲ್ಲಿ. ಮಾಘದ ಕೊನೆಗೇ ಗಂಗಳಿಗೆ ಎರಡನೇ ಗಂಡನ ಜೊತೆ ಕೂಡಿಕೆ ಆದದ್ದು.

ಅವಳ ಅಣ್ಣ ಬೈರಯ್ಯನನ್ನು ಬಯ್ಯಬೇಡ. ತಂಗಿ ಇಪ್ಪತ್ತಾರಕ್ಕೇ ಹೀಗಾದಳಲ್ಲ ಎಂದು ಅವನು ಊಟ ಬಿಟ್ಟಿದ್ದ. ಕೆಂಗೇರಿಯಲ್ಲಿ ಕದಿರಪ್ಪ ಎಂದು, ಎರಡು ಹಸು ಕಟ್ಟಿಕೊಂಡು ಹಾಲು ಮಾರುವವನು, ಹೆಂಡತಿ ಸತ್ತು ಮೂರು ವರ್ಷವಾಗಿತ್ತು. ಓಲಗವಿಲ್ಲ, ಚಪ್ಪರವಿಲ್ಲ. ನಮ್ಮವರ ಪದ್ಧತಿಯಂತೆ ಹೊಸ ಸೀರೆ ಕೊಟ್ಟು, ತಾಳಿ ಕಟ್ಟಿಸಿ ಕರೆದುಕೊಂಡು ಹೋದ. ಪಾರ್ವತಿಯನ್ನೂ ಜೊತೆಗೇ ಕರೆದುಕೊಂಡ. ಬೇಡ ಎನ್ನುವುದಕ್ಕೆ ನಾನು ಯಾರು? ನಾನೇ ಮುಂದೆ ನಿಂತು ಸೀರೆಯ ತಟ್ಟೆ ಹಿಡಿದಿದ್ದೆ.

ಮಂಗಳವಾರ ನಿನ್ನ ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೆಂಗೇರಿಗೆ ಹೊರಟೆ. ಒಬ್ಬಳೇ ಹೋಗಲು ಕಾಲು ಬರಲಿಲ್ಲ. ಖಾಸಿಂ ಸಾಬರಿಗೆ ಹೇಳಿದೆ. ಅವರು ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ ಎದ್ದು ಬಂದರು. ಬಸ್ಸಿನಲ್ಲಿ ಉದ್ದಕ್ಕೂ ಒಂದೇ ಮಾತು, “ಆವತ್ತು ನಾನು ಆ ಕಾಗದ ಕಿತ್ಕೊಂಡು ಓಡ್ಬೇಕಿತ್ತು ತಾಯಿ.” ಬೈರಯ್ಯನೂ ಅಲ್ಲಿಗೆ ಬಂದಿದ್ದ. ಕಾಗದ ತೋರಿಸಿದರೆ, “ಸಾಯೋ ಮುಂಚೆ ಬರೆದಿದ್ದು, ತಡವಾಗಿ ಬಂದೈತೆ. ಸಾಬ್ರನ್ನ ಬೇರೆ ಕರ್ಕೊಂಡು ಬಂದಿದೀಯ, ಪಂಚಾಯ್ತಿಗಾ?” ಎಂದು ರೇಗಿದ. ಸಾಬರು ಕೋಪ ಮಾಡಿಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು ಸ್ಟಾಂಪಿನ ಮೇಲಿನ ಮುದ್ರೆ ತೋರಿಸಿದರು. ಅಲ್ಲಿಯವರ ಅಂಕಿಗಳು ನಮ್ಮವಲ್ಲ, ಆದರೆ ಅಂಕಿ ಅವರಿಗೆ ಅರ್ಥವಾಗುತ್ತದೆ. “ಇದು ಹೋದ ವರ್ಷದ ಜೂನು. ಇದು ಈ ವರ್ಷದ ಜನವರಿ. ಇದು ಏಪ್ರಿಲ್ಲು. ನೀವು ತಿಥಿ ಮಾಡಿದ್ದು ಮೇ ತಿಂಗಳು, ಹೌದಲ್ಲಪ್ಪ?” ಬೈರಯ್ಯ ಲಕೋಟೆಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಕದಿರಪ್ಪ ಅಲ್ಲಿಯವರೆಗೂ ಹಸುವಿನ ಪಕ್ಕ ನಿಂತೇ ಇದ್ದ. ಒಳಗಿಂದ ಸ್ಟೂಲು ತಂದು ಸಾಬರಿಗೆ ಹಾಕಿ, “ಮುನಿರಾಮಣ್ಣ ಬಂದ್ರೆ ನಾನು ಅಡ್ಡ ಬರಲ್ಲಮ್ಮ” ಎಂದು ನನಗೆ ಹೇಳಿ, ಹಸುವಿಗೆ ನೀರು ಇಡಲು ಹೋದ. ಗಂಗ ಗೋಡೆಗೆ ಒರಗಿ ನಿಂತಿದ್ದಳು.

ದೊಡ್ಡಪ್ಪ ಈಗ ಬೇರೆಯೇ ಮಾತಾಡುತ್ತಿದ್ದಾರೆ. ನಮ್ಮ ಕುಲದ ಕಟ್ಟೆಯ ಯಜಮಾನರನ್ನು ಪಂಚಾಯ್ತಿಗೆ ಕೂರಿಸಿದ್ದಾರೆ. ಗಂಡ ಬದುಕಿದ್ದರೆ ಕೂಡಿಕೆ ಕೂಡಿಕೆಯೇ ಅಲ್ಲ, ಅವಳು ನಿನ್ನ ಹೆಂಡತಿಯೇ ಎಂದು ತೀರ್ಮಾನವಾಗಿದೆ. ನೀನು ನೇರವಾಗಿ ಮನೆಗೆ ಬರಕೂಡದು, ಊರಾಚೆ ಇಳಿದುಕೊಳ್ಳಬೇಕು. ಪುರೋಹಿತರು ನಿನ್ನನ್ನು ಹುಟ್ಟಿದ ಮಗುವಿನ ಹಾಗೆ ಸ್ನಾನ ಮಾಡಿಸಿ, ಹೊಸದಾಗಿ ಹೆಸರಿಟ್ಟು, ಗಂಗಳಿಗೆ ಮತ್ತೆ ನಿನ್ನ ಕೈಯಲ್ಲೇ ತಾಳಿ ಕಟ್ಟಿಸುತ್ತಾರಂತೆ. ಅದಕ್ಕೆ ಮೊದಲು ಕದಿರಪ್ಪ ಕಟ್ಟಿದ್ದನ್ನು ತೆಗೆಸುತ್ತಾರೆ. ಬರುವ ತಾರೀಖು ತಿಳಿಸಿ ನಿನ್ನ ಕಾಗದ ಬಂದ ಕೂಡಲೇ, ಶ್ರಾವಣಕ್ಕೆ ಅವಳನ್ನು ಇಲ್ಲಿಗೆ ಕರೆತರಬೇಕು ಎಂದು ಗೊತ್ತುಮಾಡಿದ್ದಾರೆ. ಬರುವ ತಾರೀಖು ಬರೆ ಎಂದು ಹೇಳಲು ದೊಡ್ಡಪ್ಪ ತಿಳಿಸಿದ್ದಾರೆ.

ಮನೆಗೆ ಸುಣ್ಣ ಹೊಡೆಸಿದೆ. ನಿನ್ನ ಟ್ರಂಕಿಗೆ ಗೆದ್ದಲು ಹಿಡಿದಿದೆ. ಹೊತ್ತಿಗೆ ಸರಿಯಾಗಿ ಉಣ್ಣು, ನೀರು ಕಾಯಿಸಿ ಕುಡಿ. ಕಾಗದದಲ್ಲಿ ಯುದ್ಧದ ವಿಷಯ ಜಾಸ್ತಿ ಬರೆಯಬೇಡ, ಅದಕ್ಕೂ ಏನಾದರೂ ಪದ್ಧತಿ ಇದ್ದೀತು. ದೊಡ್ಡಪ್ಪ, ಖಾಸಿಂ ಸಾಬರು ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನನ್ನು ಕಾಯಲಿ. ನನ್ನ ಆಯಸ್ಸೂ ನಿನಗೇ ಬರಲಿ.

ಇಂತಿ ನಿನ್ನ ಪಾಪಿ ಅಕ್ಕ,
ಮುನಿತಾಯಮ್ಮ

ತಾ.ಕ.: ಮೇಲಿನದೆಲ್ಲ ದೊಡ್ಡಪ್ಪನಿಗೆ ಓದಿ ಹೇಳಿದ್ದಾಯಿತು, ಅವರು ಎದ್ದು ಹೋದರು. ಇದು ನಿನಗೊಬ್ಬನಿಗೆ. ಮಂಗಳವಾರ ಗಂಗ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಸಾಬರು ದೂರ ನಿಂತಿದ್ದರು. “ಅಕ್ಕ, ಅವರು ಬದುಕಿರೋದು ಕೇಳಿ ನನ್ನ ಹೊಟ್ಟೆ ತಣ್ಣಗಾಯ್ತು. ಆದ್ರೆ ನಾನು ಬರಲ್ಲ. ಅಪ್ಪ ಸತ್ತೋದ್ರು ಅಂತ ಪಾರ್ವತಿಗೆ ನಾನೇ ಹೇಳಿದ್ದು. ಒಂದು ತಿಂಗಳು ಮಾತೇ ಬಿಟ್ಟಿದ್ಲು. ಈಗ ಇವರನ್ನ ಅಪ್ಪ ಅಂತಾಳೆ. ಈ ಅಪ್ಪನೂ ಇಲ್ಲ ಅಂತ ಇನ್ನೊಂದು ಸಲ ನಾನು ಹೇಳಲ್ಲ. ಇವರು ಕಣ್ಣೆದುರಿಗೆ ಇರೋವಾಗ ಇವರ ಬಳೆ ಒಡ್ಕೊಳ್ಳಲ್ಲ” ಅಂದಳು. ಅತ್ತಿಲ್ಲ, ತಮ್ಮ. ಅತ್ತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನೀನು ಬರುತ್ತೇನೆ ಎಂದು ಬರೆದರೆ ದೊಡ್ಡಪ್ಪ, ಯಜಮಾನರು ಸೇರಿ ಅವಳನ್ನು ಎಳೆದುಕೊಂಡು ಬರುತ್ತಾರೆ. ಅವಳನ್ನು ಬಿಟ್ಟಿದ್ದೇನೆ ಎಂದು ನಿನ್ನ ಕೈಯಲ್ಲೇ ಒಂದು ಸಾಲು ಬರೆದು, ಯಜಮಾನರ ಹೆಸರಿಗೆ ರಿಜಿಸ್ಟರ್ ಮಾಡಿ ಹಾಕು. ಆಷಾಢ ಮುಗಿಯುವುದರೊಳಗೆ ಇಲ್ಲಿ ತಲುಪಬೇಕು. ಅದು ತಲುಪುವವರೆಗೆ ನೀನು ಬರಬೇಡ.