ಎಡಗಡೆಯ ಸೀಟು

ಪ್ರೀತಿಯ ಅಕ್ಕನಿಗೆ,

ನೀನು ಬೇಡವೆಂದರೂ ಹಠ ಹಿಡಿದು ನಮ್ಮ ಹಳೇ ಕಾರನ್ನು ಹಡಗಿನಲ್ಲಿ ಇಲ್ಲಿಗೆ ತರಿಸಿಕೊಂಡೆ. ಈ ದೇಶದಲ್ಲಿ ಎಲ್ಲರ ಸ್ಟೇರಿಂಗ್ ಎಡಕ್ಕೆ, ನನ್ನದೊಂದೇ ಬಲಕ್ಕೆ. ಪಾರ್ಕಿಂಗ್ ಗೇಟಿನಲ್ಲಿ ಚೀಟಿ ಕೊಡುವ ಯಂತ್ರ ನನ್ನ ಕೈಗೆ ಎಟುಕುವುದಿಲ್ಲ. ಅದಕ್ಕೇ ಎಲ್ಲಿಗೆ ಹೊರಟರೂ ಅಮ್ಮನನ್ನು ಎಡಗಡೆ ಕೂರಿಸಿಕೊಳ್ಳುತ್ತೇನೆ. ಅವಳು ಚಿಕ್ಕಮ್ಮನಿಗೆ ಫೋನಿನಲ್ಲಿ, "ನನ್ ಮಗಳು ನನ್ನ ಬಿಟ್ಟು ಎಲ್ಲೂ ಹೋಗಲ್ಲ ಕಣೇ" ಅನ್ನುವಾಗ ನಾನು ಒಳಕೋಣೆಗೆ ಹೋಗಿಬಿಡುತ್ತೇನೆ.

ನಿನ್ನೆ ಅವಳ ಮಂಡಿ ಊದಿತ್ತು. "ಇವತ್ತು ಮನೇಲೇ ಇರಮ್ಮ" ಅಂದೆ. ಅಷ್ಟರಲ್ಲಾಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ನಾನ್ ಬರ್ದಿದ್ರೆ ಚೀಟಿ ಯಾರೇ ತಗೋತಾರೆ?"

ಮಂಡಿಗೆ ಹಚ್ಚುವ ಎಣ್ಣೆ ಬೇಗ ಕಳಿಸು. ಚಿಕ್ಕಮ್ಮ ಏನಾದರೂ ಕೇಳಿದರೆ, ಅಮ್ಮ ಹೇಳಿದ್ದೇ ನಿಜ ಎಂದುಬಿಡು.

ಇಂತಿ,
ನಿನ್ನ ತಂಗಿ