ಹಿಂಬಾಗಿಲಿನಿಂದ ಬಂದ ಹಳ್ಳಕ್ಕೆ ಮುಂದೆ ದಾರಿ ಬಿಡಿ

ಗೋಡೆಯ ಆಚೆ ಒಣಗಿದ ನೆಲದ ಮೇಲೆ ಕುಳಿತಿರುವ ಮಾನ್ಯ ಪ್ರವಾಹ ನಿಯಂತ್ರಣಾಧಿಕಾರಿಗಳೇ,

ನಮ್ಮ ಬೀದಿಗೆ ತಾವು ಕಟ್ಟಿಸಿದ ತಡೆಗೋಡೆಯನ್ನು ಮಳೆಗಾಲದೊಳಗೆ ಇನ್ನೂ ಎರಡು ಅಡಿ ಎತ್ತರಿಸುವುದಾಗಿ ತಮ್ಮ ಪ್ರಕಟಣೆ ಹೇಳುತ್ತಿದೆ. ದಯವಿಟ್ಟು ಎತ್ತರಿಸಬೇಡಿ. ಗೋಡೆ ಈಗಿರುವ ಎತ್ತರಕ್ಕೇ ಹೋದ ಸಲ ನೀರು ನಮ್ಮ ಅಟ್ಟದ ಹಲಗೆ ಮುಟ್ಟಿತ್ತು. ಅಟ್ಟದ ಮೇಲೆ ನನ್ನ ಸೋದರತ್ತೆ ಇದ್ದರು. ಇನ್ನೆರಡು ಅಡಿ ಎಂದರೆ ಅತ್ತೆಯ ಮೂಗು ಮುಳುಗುತ್ತದೆ. ಗಣಿತದಲ್ಲಿ ನಾನು ದಡ್ಡ, ಆದರೂ ಇಷ್ಟು ಲೆಕ್ಕ ನನಗೂ ಬರುತ್ತದೆ.

ನಾನು ಹಾಸಿಗೆ ಹೊಲಿಯುವವನು. ಹತ್ತಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಂಥವನು ಹಳ್ಳದ ದಂಡೆಯಲ್ಲಿ ಅಂಗಡಿ ಯಾಕಿಟ್ಟೆ ಎಂದು ತಾವು ಕೇಳಬಹುದು. ಇಟ್ಟದ್ದು ನಾನಲ್ಲ, ಅಜ್ಜ. ಅಜ್ಜ ಇಟ್ಟಾಗ ಹಳ್ಳ ಇಲ್ಲಿರಲೇ ಇಲ್ಲ, ಈಗ ಶಾಲೆಯಿರುವ ಕಡೆ ಹರಿಯುತ್ತಿತ್ತು. ಬೆಟ್ಟದ ಬುಡದ ಹಳ್ಳಗಳ ಚರಿತ್ರೆಯೇ ಹೀಗೆ. ವರ್ಷವಿಡೀ ಒಣಕಲು ಕಲ್ಲುಗಳ ಸಾಲು. ಮೇಲೆಲ್ಲೋ ಬೆಟ್ಟದಲ್ಲಿ ಧೋ ಎಂದು ಸುರಿದರೆ, ಇಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೇ ಮಣ್ಣು, ಮರದ ದಿಮ್ಮಿ, ಬಂಡೆಗಳ ಸಮೇತ ಇಳಿದು ಬರುತ್ತದೆ. ತಾನು ತಂದ ಕಲ್ಲುಮಣ್ಣಿನಿಂದ ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡು ಮುಂದಿನ ಸಲ ಪಕ್ಕದ ದಾರಿ ಹಿಡಿಯುತ್ತದೆ. ಶಾಲೆಯಿಂದ ಬಡಗಿಯ ಮನೆಯತ್ತ ಸರಿಯಿತು, ಅಲ್ಲಿಂದ ನಮ್ಮ ಹಿತ್ತಿಲಿಗೆ. ಬಾಡಿಗೆ ಮನೆ ಬದಲಾಯಿಸುವವರೂ ಇಷ್ಟು ಸಾಮಾನು ಹೊತ್ತು ತಿರುಗುವುದಿಲ್ಲ.

ಅಜ್ಜನ ಕಾಲದ ನೆರೆಯಲ್ಲಿ ಬಂದ ಎಮ್ಮೆ ಗಾತ್ರದ ಬಂಡೆಯೊಂದು ಇವತ್ತಿಗೂ ಬೀಗ ರಿಪೇರಿಯವನ ಅಂಗಡಿ ಮುಂದೆ ಕೂತಿದೆ. ತಮ್ಮ ಕಚೇರಿ ಅದಕ್ಕೆ ಅನಧಿಕೃತ ಒತ್ತುವರಿ ಎಂದು ನೋಟಿಸು ಅಂಟಿಸಿತು. ಬಂಡೆ ಇನ್ನೂ ಉತ್ತರ ಕೊಟ್ಟಿಲ್ಲ.

ನಮ್ಮ ಬೀದಿಯ ನೆರೆಗಳಿಗೆ ಇಸವಿಯಿಲ್ಲ, ಹೆಸರಿದೆ. ನಮ್ಮಪ್ಪ ಹುಟ್ಟಿದ್ದು ಕಪಾಟು ಹೋದ ನೆರೆಯಲ್ಲಿ. ನಾನು ಹುಟ್ಟಿದ್ದು ಕುದುರೆ ಬಂದ ನೆರೆಯಲ್ಲಿ. ಆ ಕುದುರೆ ನಮ್ಮ ಹಿಂಬಾಗಿಲಿನಿಂದ ಬಂದು, ಬಾಣಂತಿ ಕೋಣೆಯತ್ತ ಒಮ್ಮೆ ಇಣುಕಿ, ಮುಂಬಾಗಿಲಿನಿಂದ ಹೋಯಿತೆಂದು ಅತ್ತೆ ಹೇಳುತ್ತಾರೆ.

"ಅದು ಕುದುರೆ ಅಲ್ಲ, ಕತ್ತೆ. ನಮ್ಮಜ್ಜಿ ಕಣ್ಣಾರೆ ನೋಡಿದ್ದು," ಎನ್ನುತ್ತಾನೆ ಬೀಗದವನು.

"ನಿಮ್ಮಜ್ಜಿಗೆ ಕಣ್ಣೇ ಕಾಣ್ತಿರಲಿಲ್ಲ. ನಿಮ್ಮ ತಾತನ್ನ ಒಪ್ಕೊಂಡಾಗಲೇ ಗೊತ್ತಾಯ್ತಲ್ಲ!" ಎನ್ನುತ್ತಾರೆ ಅತ್ತೆ.

ಕುದುರೆಯೋ ಕತ್ತೆಯೋ, ಹೋಯಿತು ಎನ್ನುವುದು ಮುಖ್ಯ ಸ್ವಾಮಿ. ನಮ್ಮ ಬೀದಿಯ ಪ್ರತಿ ಮನೆಗೂ ಹಿಂಬಾಗಿಲು ಮುಂಬಾಗಿಲು ಒಂದೇ ನೇರಕ್ಕಿವೆ. ನಡುವೆ ಯಾರೂ ಏನನ್ನೂ ಇಡುವುದಿಲ್ಲ. ಹಳ್ಳದ ಗುಡುಗುಡು ಕೇಳಿದ ಕೂಡಲೇ ಎರಡೂ ಬಾಗಿಲು ತೆಗೆದು, ಸಾಮಾನು ಅಟ್ಟಕ್ಕೇರಿಸಿ, ನಾವೂ ಏರಿ ಕೂರುತ್ತೇವೆ. ನೀರು ಹಿಂದಿನಿಂದ ಬಂದು, ಮುಂದಿನಿಂದ ಇಳಿದು, ಬೀದಿ ದಾಟಿ, ಕೆಳಗಿನ ಬಯಲು ಸೇರುತ್ತದೆ. ಆಮೇಲೆ ಕೆಸರು ಬಳಿದು ನೆಲ ತೊಳೆಯುತ್ತೇವೆ. ಹಳ್ಳ ನಮಗೆ ಅಳಿಯನಿದ್ದ ಹಾಗೆ, ಬಂದಾಗ ಮನೆಯೆಲ್ಲ ರಾಡಿ, ಆದರೆ ಬಂದವನು ಹೊರಡುತ್ತಿದ್ದ. ತಾವು ಗೋಡೆ ಕಟ್ಟಿ ಅವನನ್ನು ಮನೆಯಳಿಯ ಮಾಡಿದಿರಿ!

ಗೋಡೆಯ ಕಥೆ ಕೇಳಿ. ತಮ್ಮ ಇಂಜಿನಿಯರು ಅಳತೆಗೆ ಬಂದದ್ದು ಸುಡುಬೇಸಿಗೆಯಲ್ಲಿ. ನಮ್ಮ ಹಿತ್ತಿಲಲ್ಲಿ ನಿಂತು, "ಹಳ್ಳ ಎಲ್ಲಿದೆ?" ಎಂದರು.

"ನೀವು ನಿಂತಿರೋದೇ ಹಳ್ಳದಲ್ಲಿ ಸಾರ್," ಎಂದೆ.

"ನೀರೇ ಇಲ್ವಲ್ರೀ!"

"ಕರೆದ್ರೆ ಬರಲ್ಲಪ್ಪ ಅದು. ಕರೀದೇ ಇದ್ದಾಗ ಬರುತ್ತೆ," ಎಂದರು ಅತ್ತೆ.

ಅವರು ನಕ್ಕು, ಹಳ್ಳವನ್ನು ಒಂದೇ ನೆಗೆತಕ್ಕೆ ದಾಟಿ ಹೋದರು. ಆಮೇಲೆ ಎದ್ದ ಗೋಡೆ ಹಳ್ಳಕ್ಕೂ ಮನೆಗೂ ನಡುವೆ ಇಲ್ಲ. ಅದಿರುವುದು ಮನೆಗಳ ಮುಂದೆ, ಬೀದಿಯ ಆಚೆ ಅಂಚಿನಲ್ಲಿ, ಸರಿಯಾಗಿ ತಮ್ಮ ಕಚೇರಿಯ ಈಚೆ. ಎರಡು ತುದಿಯಲ್ಲೂ ಬಾಗಿ ಬೆಟ್ಟವನ್ನು ತಬ್ಬಿಕೊಂಡಿದೆ. ನಾವು ಊರೊಳಗೆ ಹೋಗಲು ಮೆಟ್ಟಿಲು ಹತ್ತಿ ಇಳಿಯುತ್ತೇವೆ. ನೀರಿಗೆ ಮೆಟ್ಟಿಲು ಹತ್ತುವ ಅಭ್ಯಾಸವಿಲ್ಲ. ಇಂಥ ಗೋಡೆಗೆ ಪ್ರವಾಹ ತಡೆ ಎಂದು ಫಲಕ ಬೇರೆ! ತಡೆಯುತ್ತದೆ, ಇಲ್ಲವೆನ್ನುವುದಿಲ್ಲ. ಎಲ್ಲಿ ತಡೆಯುತ್ತದೆ ಎಂದು ಫಲಕದಲ್ಲಿ ಬರೆಸಬೇಕಿತ್ತು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಹಳ್ಳ ಬಂತು. ಎಂದಿನಂತೆ ಬಾಗಿಲು ತೆಗೆದೆವು. ಹಾಸಿಗೆಗಳನ್ನು ಅಟ್ಟಕ್ಕೇರಿಸಿ, ಮಂಡಿನೋವಿನ ಅತ್ತೆಯನ್ನು ಅವುಗಳ ಮೇಲೆ ಕೂರಿಸಿ, ಕೈಗೆ ಚಹಾ ಕೊಟ್ಟೆ. ನೀರು ಶಿಸ್ತಾಗಿ ಮನೆ ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ, ಮರೆತ ಕೊಡೆ ಒಯ್ಯಲು ಬಂದವರ ಹಾಗೆ ಮುಂಬಾಗಿಲಿನಿಂದ ವಾಪಸು ಬಂತು. ಹಿಂದಿನಿಂದ ಬರುವುದೂ ನಿಂತಿರಲಿಲ್ಲ. ಎರಡೂ ನನ್ನ ಹೊಲಿಗೆ ಯಂತ್ರದ ಬಳಿ ಭೇಟಿಯಾಗಿ ಮೇಲೇರತೊಡಗಿದವು.

"ಈ ಸಲ ಹೋಗ್ತಾ ಇಲ್ಲ ಕಣೋ ಇದು," ಎಂದರು ಅತ್ತೆ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಏಣಿಯ ಮೇಲೆ ಎದೆಮಟ್ಟದ ನೀರಿನಲ್ಲಿ ನಿಂತು ನಾನು ಹೆದರಿದೆ. ಈಗ ತಮಾಷೆಯಾಗಿ ಬರೆಯುತ್ತಿದ್ದೇನೆ, ಆಗ ನನಗೆ ನಗು ಬಂದಿರಲಿಲ್ಲ. ನೀರು ಗೋಡೆಯ ತಲೆ ಮುಟ್ಟಿ ಆಚೆ ಚೆಲ್ಲಿದ ಮೇಲಷ್ಟೇ ಏರುವುದು ನಿಂತಿತು.

ಮದುವೆ ಮನೆಗೆಂದು ಹೊಲಿದಿದ್ದ ಜೋಡಿ ಹಾಸಿಗೆ ಅಟ್ಟದ ಮೇಲಿನ ರಾಶಿಯ ಅಡಿಯಲ್ಲಿತ್ತು. ಅದು ಕುಡಿದ ನೀರಿಗೆ ನಾಲ್ಕು ಜನ ಎತ್ತಿದರೂ ಅಲುಗಲಿಲ್ಲ. ಮದುಮಗನ ತಾಯಿ ಬೆರಳಿನಿಂದ ಒತ್ತಿ ನೋಡಿ, "ಮಕ್ಕಳು ಇದರ ಮೇಲೆ ಮಲಗಬೇಕಾ, ಈಜಬೇಕಾ?" ಎಂದು ಕೇಳಿದರು. ನಾನು ತಮಗೆ ದೂರು ಬರೆದೆ. 'ಗೋಡೆಯು ನಿರೀಕ್ಷೆಯಂತೆ ಕಾರ್ಯನಿರ್ವಹಿಸಿದೆ. ಕಚೇರಿಯ ಕಾಲೊರಸು ಮಾತ್ರ ತೊಯ್ದಿರುವುದರಿಂದ ಎತ್ತರ ಹೆಚ್ಚಿಸಲು ಕ್ರಮ ಕೈಗೊಳ್ಳಲಾಗುವುದು' ಎಂದು ಉತ್ತರ ಬಂತು. ಎಂಥ ನ್ಯಾಯ ಸ್ವಾಮಿ! ತಮ್ಮ ಕಾಲೊರಸನ್ನು ಬಿಸಿಲಿಗೆ ಹಾಕಿದರೆ ಒಣಗುತ್ತದೆ. ಅತ್ತೆಯನ್ನು ಎಲ್ಲಿಗೆ ಹಾಕಲಿ?

ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಮನೆಯ ನೇರಕ್ಕೆ ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಅಗಲ ಒಡೆಸಿ, ಅಲ್ಲಿಂದ ತಮ್ಮ ಕಚೇರಿಯ ಪಕ್ಕದಲ್ಲಿ ಬಯಲಿಗೆ ಒಂದು ಕಾಲುವೆ ತೋಡಿಸಿ. ಮೋಡ ಕಟ್ಟುವುದರೊಳಗೆ ಆಗದಿದ್ದರೆ, ಅತ್ತೆಯನ್ನು ತಮ್ಮ ಕಚೇರಿಗೇ ತಂದುಬಿಡುತ್ತೇನೆ. ತಮ್ಮ ಮೇಜಿನ ಮೇಲೆ ಹಾಸಿಗೆ ನಾನೇ ಹಾಸಿಕೊಡುತ್ತೇನೆ. ಅವರು ಒಪ್ಪಿದ್ದಾರೆ, ಆದರೆ ಒಂದು ಪ್ರಶ್ನೆಯಿದೆ. "ನೀರು ಬಂದಾಗ ಆ ಸಾಹೇಬ್ರು ನನ್ನ ಜೊತೆ ಇರ್ತಾರೋ, ಮನೆಗೆ ಹೋಗ್ಬಿಡ್ತಾರೋ? ಬರೆದು ಕೇಳು."

ಬರೆದು ಕೇಳಿದ್ದೇನೆ.

ಇಂತಿ,
ತಮ್ಮ ಗೋಡೆಯ ಒಳಮೈಯಲ್ಲಿ ವಾಸಿಸುವ,
ಹತ್ತಿಯೂ ತಾನೂ ಇನ್ನೂ ಪೂರ್ತಿ ಒಣಗದ
ಹಾಸಿಗೆ ಹೊಲಿಯುವವ